ಕಾವ್ಯನಾಮ ಮತ್ತು ಫೇಕ್ ಐಡಿ

ಕನ್ನಡದ ಯಾವ ಆನ್‌ಲೈನ್ ಹರಟೆಕಟ್ಟೆಗೆ ಹೋದರೂ ಜಗಳ ಜೋರಾದ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ: "ಧೈರ್ಯ ಇದ್ರೆ ಒರಿಜಿನಲ್ ಹೆಸರಲ್ಲಿ ಬಾ." ಅಲ್ಲಿಗೆ ಚರ್ಚೆ ಮುಗಿಯಿತು. ಎದುರಿನವರು ಹೇಳಿದ್ದರಲ್ಲಿ ಹುರುಳಿತ್ತೋ ಇಲ್ಲವೋ ಎಂದು ನೋಡುವವರೇ ಇರುವುದಿಲ್ಲ, ಎಲ್ಲರ ಕಣ್ಣೂ ಅವರ ಹೆಸರಿನ ಮೇಲೆ ಬಿದ್ದಿರುತ್ತದೆ. ಅದು 'ಫೇಕ್ ಐಡಿ' ಎಂದು ಒಬ್ಬರು ಹೇಳಿದರೆ ಸಾಕು, ಐದಾರು ವರ್ಷ ಅದೇ ಹೆಸರಿನಲ್ಲಿ ಬರೆದುಕೊಂಡು ಬಂದವರೂ ಕಳ್ಳರ ಸಾಲಿಗೆ ಸೇರಿಬಿಡುತ್ತಾರೆ.

ಇದೇ ಜನ ಕಾವ್ಯನಾಮ ಎಂದರೆ ಗೌರವದಿಂದ ತಲೆಬಾಗುತ್ತಾರೆ. ಮೈಸೂರು ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದ ಮಾಸ್ತಿಯವರು 'ಶ್ರೀನಿವಾಸ' ಎಂದು ಬರೆದರು. ಅನಸೂಯಾ ಶಂಕರ್ 'ತ್ರಿವೇಣಿ' ಆದರು, ಸುಬ್ರಹ್ಮಣ್ಯರಾಜೇ ಅರಸ್ 'ಚದುರಂಗ' ಆದರು, ಕುಳಕುಂದ ಶಿವರಾಯರು 'ನಿರಂಜನ' ಆದರು. ಕನ್ನಡದಷ್ಟು ಪ್ರೀತಿಯಿಂದ ಇಟ್ಟುಕೊಂಡ ಹೆಸರನ್ನು ಹೊತ್ತು ಮೆರೆಸಿದ ಭಾಷೆ ಅಪರೂಪ. ಒಂದೇ ಕೆಲಸಕ್ಕೆ ಕಾಗದದ ಮೇಲೆ ಒಂದು ಹೆಸರು, ತೆರೆಯ ಮೇಲೆ ಇನ್ನೊಂದು ಹೆಸರು ಬಂದದ್ದು ಹೇಗೆ? ಈ ಪ್ರಶ್ನೆ ಬಹಳ ದಿನದಿಂದ ಕೊರೆಯುತ್ತಿದೆ.

'ಅವರ ನಿಜವಾದ ಹೆಸರು ಎಲ್ಲರಿಗೂ ಗೊತ್ತಿತ್ತಲ್ಲ, ಅದಕ್ಕೂ ಇದಕ್ಕೂ ಹೋಲಿಕೆ ಎಲ್ಲಿಯದು' ಎನ್ನುವವರಿದ್ದಾರೆ. ಆ ಮಾತು ತಕ್ಕಮಟ್ಟಿಗೆ ಸರಿ. ಬೇಂದ್ರೆಯವರ 'ಅಂಬಿಕಾತನಯದತ್ತ'ದಲ್ಲಿ ತಾಯಿ ಅಂಬಿಕೆಯೂ ಇದ್ದಾಳೆ, ದತ್ತಾತ್ರೇಯನೂ ಇದ್ದಾನೆ, ಮುಚ್ಚಿಟ್ಟದ್ದು ಏನೂ ಇಲ್ಲ. ಆದರೆ ಯಾರಿಗೂ ಗೊತ್ತಿಲ್ಲದ ಹೆಸರೂ ನಮ್ಮಲ್ಲಿ ಇತ್ತು.

ಉಡುಪಿಯ ವ್ಯಾಯಾಮ ಮೇಷ್ಟರು

ನಂದಳಿಕೆ ಲಕ್ಷ್ಮೀನಾರಣಪ್ಪ 1870ರಲ್ಲಿ ಹುಟ್ಟಿದವರು. ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುವುದು ಕೆಲಸ. ಸಂಬಳ ಚಿಕ್ಕದು. ಪಂಡಿತರ ನಡುವೆ ಹೆಸರಿಲ್ಲ. ಅವರು ಹಳಗನ್ನಡದಲ್ಲಿ ಬರೆದು, ಇದೊಂದು ಹಳೆಯ ಕವಿಯ ಕೃತಿ ಎಂದು ಮೈಸೂರಿನ ಪತ್ರಿಕೆಗೆ ಕಳಿಸಿದರು. ಮನೆಯಲ್ಲಿ ಮುದ್ದಿನಿಂದ ಕರೆಯುತ್ತಿದ್ದ 'ಮುದ್ದಣ' ಎಂಬ ಹೆಸರೇ ಕವಿಯ ಹೆಸರಾಯಿತು. ವಿದ್ವಾಂಸರು ಓದಿದರು, ಮೆಚ್ಚಿದರು, ಅಚ್ಚು ಹಾಕಿಸಿದರು. ರಾಮಾಶ್ವಮೇಧದಲ್ಲಿ ಮುದ್ದಣನೂ ಮನೋರಮೆಯೂ ಕೂತು ಆಡುವ ಮಾತು ಯಾವುದೋ ಹಳೆಯ ಕಾಲದ್ದು ಎಂದೇ ಎಲ್ಲರೂ ನಂಬಿದ್ದರು.

ಆ ಬರಹವನ್ನು ವ್ಯಾಯಾಮ ಮೇಷ್ಟರ ಹೆಸರಿನಲ್ಲೇ ಕಳಿಸಿದ್ದರೆ ಯಾರು ಓದುತ್ತಿದ್ದರು? ಮುಚ್ಚಿಟ್ಟ ಹೆಸರು ಮಾಡಿದ ಕೆಲಸ ಇದು: ಬರೆದವರ ಉದ್ಯೋಗ, ಊರು, ಸಂಬಳ ಎಲ್ಲವನ್ನೂ ಬದಿಗೆ ಸರಿಸಿ ಬರಹವನ್ನು ಮುಂದೆ ಕೂರಿಸಿತು. ತೆರೆಯ ಮೇಲಿನ ಒಳ್ಳೆಯ ಗುಪ್ತನಾಮ ಮಾಡುವುದೂ ಇಷ್ಟನ್ನೇ.

ಪೂರ್ತಿ ಹೆಸರು ಹೇಳಿ ಎಂದರೆ

'ನಿಜವಾದ ಹೆಸರು' ಎಂಬುದನ್ನು ನಾವು ಬರಿಯ ಗುರುತು ಎಂದುಕೊಂಡಿದ್ದೇವೆ. ಕನ್ನಡದ ಹೆಸರು ಅಷ್ಟು ಸರಳ ಅಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂದರೆ ಊರು, ಅಪ್ಪ, ಆಮೇಲೆ ತಾನು. ಕರಾವಳಿಯಲ್ಲಿ ಭಟ್, ಶೆಟ್ಟಿ, ಪೂಜಾರಿ. ಹಳೆ ಮೈಸೂರಿನಲ್ಲಿ ಗೌಡ, ಅರಸು. ಧಾರವಾಡದ ಕಡೆ ಮನೆತನದ ಹೆಸರನ್ನೇ 'ಅಡ್ಡಹೆಸರು' ಎನ್ನುತ್ತಾರೆ: ಪಾಟೀಲ, ಕುಲಕರ್ಣಿ, ಮೆಣಸಿನಕಾಯಿ. ಹೆಸರು ಕೇಳಿದ ಎರಡನೇ ಉಸಿರಿನಲ್ಲೇ ಜಾತಿ, ಧರ್ಮ, ಸೀಮೆ, ಗಂಡೋ ಹೆಣ್ಣೋ ಎಲ್ಲ ಗೊತ್ತಾಗುತ್ತದೆ. ಹಾಗೆ ಗೊತ್ತಾಗದಿದ್ದರೆ 'ಪೂರ್ತಿ ಹೆಸರು ಏನು?' ಎಂದು ಇನ್ನೊಮ್ಮೆ ಕೇಳುತ್ತೇವೆ. ಆ ಪ್ರಶ್ನೆ ಯಾವುದರ ಬಗ್ಗೆ ಎಂದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಮೀಸಲಾತಿಯ ಬಗ್ಗೆಯೋ ದೇವಸ್ಥಾನದ ಬಗ್ಗೆಯೋ ಮಾತು ಬಂದಾಗ ಒಂದು ಹೆಸರಿನ ಕೆಳಗಿನ ವಾಕ್ಯವನ್ನು ಓದುವ ಮೊದಲೇ ಓದುಗರು ತೀರ್ಪು ಬರೆದಿಟ್ಟಿರುತ್ತಾರೆ. ನಿಜನಾಮ ಕಡ್ಡಾಯ ಎಂಬ ನಿಯಮ ಇಂಥ ನಾಡಿನಲ್ಲಿ ಎಲ್ಲರ ಮೇಲೂ ಒಂದೇ ಭಾರ ಹೇರುವುದಿಲ್ಲ. ಮೊದಲೇ ಗೌರವ ಹೊತ್ತು ಬಂದ ಹೆಸರಿನವರಿಗೆ ಅದು ಲಾಭ, ಉಳಿದವರಿಗೆ ದಂಡ.

ಈಗ ನಮ್ಮ ಬಹುಪಾಲು ಹರಟೆ ನಡೆಯುವುದು ವಾಟ್ಸಾಪ್ ಗುಂಪಿನಲ್ಲಿ. 1024 ಜನರವರೆಗೆ ಸೇರಬಹುದಾದ ಆ ಗುಂಪಿನಲ್ಲಿ ಹೆಸರಿನ ಜಾಗದಲ್ಲಿ ಇರುವುದು ಫೋನ್ ನಂಬರು. ನಮ್ಮ ದೇಶದಲ್ಲಿ ಸಿಮ್ ಸಿಗುವುದೇ ಗುರುತಿನ ದಾಖಲೆ ಕೊಟ್ಟ ಮೇಲೆ. ಗುಂಪಿನಲ್ಲಿರುವ ಯಾರೇ ಆಗಲಿ ಆ ನಂಬರನ್ನು ಒಂದು ಯುಪಿಐ ಆ್ಯಪ್‌ನಲ್ಲಿ ಹಾಕಿದರೆ, ಅದಕ್ಕೆ ಖಾತೆ ಜೋಡಿಸಿದ್ದಲ್ಲಿ, ಬ್ಯಾಂಕಿನಲ್ಲಿರುವ ಹೆಸರು ಕಣ್ಣ ಮುಂದೆ ಬರುತ್ತದೆ. ಒಂದು ರೂಪಾಯಿ ಕಳಿಸುವ ಅಗತ್ಯವೂ ಇಲ್ಲ. ಗಿಡ ಬೆಳೆಸುವವರ ಗುಂಪಿಗೆ ಸೇರಿದ ಹೆಂಗಸಿಗೆ ರಾತ್ರಿ ಹನ್ನೊಂದಕ್ಕೆ ಅಪರಿಚಿತರ 'ಹಾಯ್' ಬರುವುದು ಈ ದಾರಿಯಿಂದಲೇ. ಅವರು ಮಾತಾಡಿದ್ದು ಗುಲಾಬಿಗೆ ಹಾಕುವ ಗೊಬ್ಬರದ ಬಗ್ಗೆ, ಕೊಟ್ಟದ್ದು ಇಡೀ ಬದುಕಿನ ಬೀಗದ ಕೈ.

ನಿಜನಾಮದ ಎರಡು ಪರೀಕ್ಷೆ

2010ರ ಜುಲೈ 6ರಂದು ಬ್ಲಿಝಾರ್ಡ್ ಎಂಬ ಅಮೆರಿಕದ ಆಟದ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಅದರ ಆಟಗಾರರು ಸೇರಿ ಮಾತಾಡುವ ಜಾಗದಲ್ಲಿ ಇನ್ನು ಮುಂದೆ ಬರೆಯುವ ಪ್ರತಿಯೊಬ್ಬರ ಮೊದಲ ಹೆಸರು, ಕೊನೆ ಹೆಸರು ಎರಡೂ ಕಾಣಬೇಕು. ಬೈಗುಳ ಕಡಿಮೆಯಾಗುತ್ತದೆ ಎಂಬುದು ಕಾರಣ. ಆಟಗಾರರು ಸಿಡಿದೆದ್ದರು. ಇದರಲ್ಲಿ ಹೆದರುವುದಕ್ಕೆ ಏನೂ ಇಲ್ಲ ಎಂದು ತೋರಿಸಲು ಕಂಪನಿಯ ಸಿಬ್ಬಂದಿಯೊಬ್ಬರು, ಅಲ್ಲಿಯವರೆಗೆ ತಮ್ಮ ಹ್ಯಾಂಡಲ್‌ನಿಂದ, ಅಂದರೆ ಆನ್‌ಲೈನಿನಲ್ಲಿ ಇಟ್ಟುಕೊಂಡ ಹೆಸರಿನಿಂದಷ್ಟೇ ಎಲ್ಲರಿಗೂ ಗೊತ್ತಿದ್ದವರು, ತಮ್ಮ ಪೂರ್ತಿ ಹೆಸರನ್ನು ತಾವೇ ಬರೆದು ಹಾಕಿದರು. ನೋಡನೋಡುತ್ತಲೇ ಅವರ ಫೋನ್ ನಂಬರು, ಮನೆ ವಿಳಾಸ, ಮನೆಯವರ ವಿವರಗಳನ್ನು ಜನ ಹುಡುಕಿ ತೆಗೆದು ಅಲ್ಲೇ ಸುರಿದರು. ನಿಯಮ ಜಾರಿಗೆ ಬರುವ ಮೊದಲೇ ಅದರ ಫಲಿತಾಂಶ ಬಂದಿತ್ತು. ಜುಲೈ 9ರಂದು, ಮೂರೇ ದಿನದಲ್ಲಿ, ಕಂಪನಿ ಹಿಂದೆ ಸರಿಯಿತು.

ಆ ಮನುಷ್ಯ ತಪ್ಪು ಮಾಡಲಿಲ್ಲ, ನಂಬಿಕೆಯಿಂದ ಮಾಡಿದರು. ಅವರಿಗೆ ಹೊಳೆಯದೆ ಹೋದದ್ದು ಒಂದೇ: ಹೆಸರು ಹೇಳಿದವನಿಗೆ ಲಗಾಮು ಬೀಳುತ್ತದೆ ನಿಜ, ಆದರೆ ಅದನ್ನು ಕೇಳಿಸಿಕೊಂಡವರ ಕೈಗೆ ಕಲ್ಲು ಸಿಗುತ್ತದೆ.

ಎರಡನೆಯ ಪರೀಕ್ಷೆ ಒಂದು ಇಡೀ ದೇಶದ್ದು. ದಕ್ಷಿಣ ಕೊರಿಯಾ 2007ರ ಜುಲೈಯಿಂದ ದಿನಕ್ಕೆ 3 ಲಕ್ಷಕ್ಕಿಂತ ಹೆಚ್ಚು ಜನ ಬರುವ ತಾಣಗಳಲ್ಲಿ ಬರೆಯುವವರ ಗುರುತು ಪರಿಶೀಲಿಸುವುದನ್ನು ಕಡ್ಡಾಯ ಮಾಡಿತು. 2009ರಲ್ಲಿ ಆ ಮಿತಿಯನ್ನು 1 ಲಕ್ಷಕ್ಕೆ ಇಳಿಸಿತು. ಪರದೆಯ ಮೇಲೆ ಹ್ಯಾಂಡಲ್ ಇರಬಹುದಿತ್ತು, ಒಳಗೆ ಮಾತ್ರ ನಾಗರಿಕ ನೋಂದಣಿ ಸಂಖ್ಯೆಯ ಪರಿಶೀಲನೆ ಆಗಲೇಬೇಕು. ಹಾಗಾಗಿ ತಾಣಗಳು ಕೋಟಿಗಟ್ಟಲೆ ಜನರ ಗುರುತನ್ನು ಕೂಡಿಡುತ್ತ ಹೋದವು. ಕಣಜ ಕಟ್ಟಿದ ಮೇಲೆ ಇಲಿ ಬಾರದೆ ಇರುತ್ತದೆಯೇ? 2011ರ ಜುಲೈಯಲ್ಲಿ ನೇಟ್ ಮತ್ತು ಸೈವರ್ಲ್ಡ್ ಎಂಬ ಎರಡು ತಾಣಗಳಿಂದ ಸುಮಾರು 3.5 ಕೋಟಿ ಜನರ ವಿವರ ಕಳುವಾಯಿತು. ಆ ದೇಶದ ಜನಸಂಖ್ಯೆಯೇ ಸುಮಾರು 5 ಕೋಟಿ. 2012ರ ಆಗಸ್ಟ್ 23ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಒಮ್ಮತದಿಂದ ಆ ಕಾನೂನನ್ನು ರದ್ದು ಮಾಡಿತು. ಕಾನೂನು ಬಂದ ಮೇಲೆ ಕೆಟ್ಟ ಬರಹ ಹೇಳಿಕೊಳ್ಳುವಷ್ಟು ಕಡಿಮೆಯಾದದ್ದಕ್ಕೆ ಆಧಾರ ಇಲ್ಲ ಎಂಬುದೂ ಅದು ಕೊಟ್ಟ ಕಾರಣಗಳಲ್ಲಿ ಒಂದು.

ಹೆಸರಿಗೆ ಬೆಲೆ ಕಟ್ಟುವುದು ಕಾಲ

ಹಾಗಿದ್ದರೆ ಗುಪ್ತನಾಮಗಳ ನಡುವೆ ಮರ್ಯಾದೆ ಉಳಿಯುವುದು ಹೇಗೆ? ಅನಾಮಧೇಯತೆ ಬೇರೆ, ಗುಪ್ತನಾಮ ಬೇರೆ. ಹೆಸರೇ ಇಲ್ಲದವನು ಇಂದು ಉಗಿದು ನಾಳೆ ಹೊಸಬನಾಗಿ ಬರಬಹುದು. ಆರು ವರ್ಷ 'ಮಳೆಹುಳ' ಎಂಬ ಹೆಸರಿನಲ್ಲಿ ಬೈಕ್ ರಿಪೇರಿಯ ಪ್ರಶ್ನೆಗಳಿಗೆ ಉತ್ತರ ಕೊಟ್ಟವರಿಗೆ ಆ ಹೆಸರು ಆಸ್ತಿ. ಒಂದು ಸಂಜೆಯ ಸಿಟ್ಟಿಗೆ ಅದನ್ನು ಯಾರೂ ಸುಡುವುದಿಲ್ಲ. ಆದ್ದರಿಂದ ಕಟ್ಟೆಯನ್ನು ನಡೆಸುವವರು ನೋಡಿಕೊಳ್ಳಬೇಕಾದ್ದು ಹೆಸರು ನಿಜವೋ ಎಂಬುದನ್ನಲ್ಲ, ಅದು ಉಳಿಯುತ್ತದೆಯೋ ಎಂಬುದನ್ನು.

ಇದನ್ನು ಮೊದಲು ಕಷ್ಟಪಟ್ಟು ಕಲಿತವರು ಐಆರ್‌ಸಿಯವರು. 1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಬರೆದ ಆ ಹರಟೆ ವ್ಯವಸ್ಥೆಯಲ್ಲಿ 9 ಅಕ್ಷರದ ಒಂದು 'ನಿಕ್' ಇಟ್ಟುಕೊಂಡು ಯಾರು ಬೇಕಾದರೂ ಒಳಗೆ ಬರಬಹುದಿತ್ತು. ಆದರೆ ಅದು ಯಾರ ಸ್ವತ್ತೂ ಅಲ್ಲ. ನೀವು ಊಟಕ್ಕೆ ಎದ್ದು ಹೋದರೆ ನಿಮ್ಮ ನಿಕ್ ಇನ್ನೊಬ್ಬರ ಪಾಲು. ಸರ್ವರ್‌ಗಳ ನಡುವಿನ ಕೊಂಡಿ ಕಡಿದಾಗ ಇನ್ನೂ ಕಷ್ಟ: ಆ ಕಡೆಯ ತುಂಡಿನಲ್ಲಿ ಒಬ್ಬ ನಿಮ್ಮದೇ ನಿಕ್ ಹಾಕಿಕೊಂಡು ಕಾಯುತ್ತಿದ್ದ. ಕೊಂಡಿ ಮತ್ತೆ ಕೂಡಿದ ಕ್ಷಣ ಒಂದೇ ಹೆಸರಿನ ಇಬ್ಬರನ್ನು ಕಂಡ ವ್ಯವಸ್ಥೆ ಇಬ್ಬರನ್ನೂ ಹೊರಗೆ ಹಾಕುತ್ತಿತ್ತು. ಇದನ್ನು ಬೇಕೆಂದೇ ಮಾಡಿ ಹಳಬರನ್ನು ಹೊರಗಟ್ಟಿ ಅವರ ಚಾನೆಲ್ (ಹರಟೆಕೋಣೆ) ಕಸಿದುಕೊಳ್ಳುವವರು ಹುಟ್ಟಿಕೊಂಡರು. ಡಾಲ್‌ನೆಟ್‌ನಂಥ ಜಾಲಗಳು ತಂದ ನಿಕ್‌ಸರ್ವ್ ಇದಕ್ಕೆ ಮದ್ದು. ಅದಕ್ಕೊಂದು ಸಂದೇಶ ಕಳಿಸಿ ಗುಪ್ತಪದ, ಇಮೇಲ್ ಕೊಟ್ಟರೆ ನಿಕ್ ನಿಮ್ಮ ಹೆಸರಿಗೆ ದಾಖಲು. ಬೇರೆಯವರು ಅದನ್ನು ಹಾಕಿಕೊಂಡು ಕೂತರೆ ಎಬ್ಬಿಸಿ ವಾಪಸು ಪಡೆಯಬಹುದು. ಇಮೇಲ್ ಕೊಟ್ಟದ್ದು ನಿಕ್‌ಸರ್ವ್‌ಗೆ ಮಾತ್ರ, ಚಾನೆಲ್‌ನಲ್ಲಿ ಕೂತವರಿಗಲ್ಲ. ಇಲ್ಲಿ ಒಂದು ಎಚ್ಚರ ಬೇಕು: ನಿಮ್ಮ ಇಂಟರ್ನೆಟ್ ಸಂಪರ್ಕದ ಗುರುತಾದ ಐಪಿ ವಿಳಾಸವನ್ನು ಮುಚ್ಚುವ ಮುಸುಕು ಕೆಲವು ಜಾಲಗಳಲ್ಲಿ ಬೀಳುವುದು ಲಾಗಿನ್ ಆದ ಮೇಲೆ. ಚಾನೆಲ್‌ಗೆ ತಾನಾಗಿ ಸೇರುವಂತೆ ಇಟ್ಟಿದ್ದರೆ ಲಾಗಿನ್ ಮುಗಿಯುವ ಮೊದಲೇ ಸೇರಿಬಿಟ್ಟು ಕೆಲವು ಸೆಕೆಂಡು ವಿಳಾಸ ಎಲ್ಲರಿಗೂ ಕಾಣುತ್ತದೆ. ಸಂಪರ್ಕದ ಹಂತದಲ್ಲೇ ಲಾಗಿನ್ ಮುಗಿಸುವ ಎಸ್‌ಎಎಸ್‌ಎಲ್ ಹಾಕಿಕೊಂಡರೆ ಆ ಬಿರುಕು ಮುಚ್ಚುತ್ತದೆ.

ಹರಿದಾಸರಲ್ಲಿ ಅಂಕಿತವನ್ನು ತಾನೇ ಇಟ್ಟುಕೊಳ್ಳುವುದಲ್ಲ, ಗುರು ಕೊಡಬೇಕು. ವಚನ ಯಾರದೆಂದು ಹಸ್ತಪ್ರತಿಗಳಲ್ಲಿ ಗುರುತಿಸುವುದೂ ಅಂಕಿತದ ಬಲದಿಂದಲೇ. ಹೆಸರಿನ ಹಿಂದೆ ಒಂದು ಕೂಟ ನಿಂತಿರಬೇಕು ಎಂಬ ಆ ತಿಳಿವಳಿಕೆ ಬೇರೆ ರೂಪದಲ್ಲಿ ಆನ್‌ಲೈನ್ ಕೂಟಗಳಲ್ಲೂ ಕಾಣುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆ ತೆರೆದು 4 ದಿನ ಆಗಿ 10 ತಿದ್ದುಪಡಿ ಮಾಡುವವರೆಗೆ ಕೆಲವು ಪುಟಗಳನ್ನು ಮುಟ್ಟಲು ಬಿಡುವುದಿಲ್ಲ. ಮೆಟಾಫಿಲ್ಟರ್ ಎಂಬ ಹಳೆಯ ಕೂಟ 2004ರಿಂದ ಹೊಸ ಸದಸ್ಯರಿಂದ ಒಮ್ಮೆ 5 ಡಾಲರ್ ತೆಗೆದುಕೊಳ್ಳತೊಡಗಿತು. ಸ್ಲ್ಯಾಶ್‌ಡಾಟ್ ಎಂಬ ತಂತ್ರಜ್ಞಾನ ಸುದ್ದಿತಾಣದಲ್ಲಿ ಹೆಸರಿಲ್ಲದವರ ಮಾತು 0 ಅಂಕದಿಂದ ಶುರುವಾದರೆ ನೋಂದಾಯಿತ ಹೆಸರಿನವರದು 1ರಿಂದ. ಯಾರೂ ಆಧಾರ್ ಕೇಳಲಿಲ್ಲ. ನಾಲ್ಕು ದಿನ, ಐದು ಡಾಲರ್, ಒಂದು ಅಂಕ, ಇಷ್ಟೇ. ಬಿಸಾಡಿ ಹೊಸದು ತೊಡುವ ಹೆಸರಿಗೆ ಸಣ್ಣದೊಂದು ಖರ್ಚು ಕಟ್ಟಿದರೆ ಉಗಿದು ಓಡುವವರಲ್ಲಿ ಬಹಳ ಮಂದಿ ಬಾಗಿಲಲ್ಲೇ ನಿಲ್ಲುತ್ತಾರೆ.

ಎಲ್ಲಿ ಸೋರುತ್ತದೆ

ಗುಪ್ತನಾಮ ಒಡೆಯುವುದು ಹ್ಯಾಕರ್‌ಗಳಿಂದ ಅಪರೂಪ. ಬಹುತೇಕ ಸಲ ನಮ್ಮ ಕೈಯಿಂದಲೇ ಜಾರುತ್ತದೆ. ಮೊದಲ ಸೋರಿಕೆ ಹಳೆಯ ಹ್ಯಾಂಡಲ್ ಮೇಲಿನ ಮೋಹ. ಕಾಲೇಜಿನಲ್ಲಿ ಇಮೇಲ್‌ಗೆ ಇಟ್ಟ ಹೆಸರನ್ನೇ ಇಲ್ಲೂ ಇಟ್ಟರೆ ಒಂದು ಹುಡುಕಾಟಕ್ಕೆ ಎಲ್ಲ ಸಿಗುತ್ತದೆ. ಪ್ರೊಫೈಲ್ ಚಿತ್ರವೂ ಹಾಗೆಯೇ. ಎರಡನೆಯದು ಬೇರೆಯವರ ಫೋನಿನ ವಿಳಾಸ ಪುಸ್ತಕ. ನೀವು ಏನನ್ನೂ ಕೊಡದಿದ್ದರೂ ನಿಮ್ಮ ನಂಬರನ್ನು ಉಳಿಸಿಕೊಂಡಿರುವ ಸಹೋದ್ಯೋಗಿ ತನ್ನ ಪಟ್ಟಿಯನ್ನು ಆ್ಯಪ್‌ಗೆ ಒಪ್ಪಿಸಿರುತ್ತಾರೆ. ಆ್ಯಪ್ ಅವರಿಗೆ ನಿಮ್ಮ ಗುಪ್ತ ಖಾತೆಯನ್ನು 'ಇವರು ನಿಮಗೆ ಗೊತ್ತಿರಬಹುದು' ಎಂದು ತೋರಿಸುತ್ತದೆ. ಖಾತೆಗೆ ಕೊಡುವ ನಂಬರು ಯಾರ ಫೋನಿನಲ್ಲೂ ಇಲ್ಲದ್ದಾಗಿರಬೇಕು ಎನ್ನುವುದು ಇದಕ್ಕೇ.

ಟೆಲಿಗ್ರಾಂನಲ್ಲಿ ಸೆಟ್ಟಿಂಗ್ಸ್ ಒಳಗಿನ ಪ್ರೈವಸಿಗೆ ಹೋಗಿ ಫೋನ್ ನಂಬರನ್ನು 'ನೋಬಡಿ' ಮಾಡಿದರೆ ಅರ್ಧ ಕೆಲಸ ಅಷ್ಟೇ. ಅದರ ಕೆಳಗೆ ಆಗ ಇನ್ನೊಂದು ಸಾಲು ತೆರೆದುಕೊಳ್ಳುತ್ತದೆ: ನಂಬರಿನಿಂದ ನಿಮ್ಮನ್ನು ಯಾರು ಹುಡುಕಬಹುದು ಎಂಬುದು. ಅದನ್ನೂ 'ಮೈ ಕಾಂಟ್ಯಾಕ್ಟ್ಸ್'ಗೆ ಇಳಿಸಬೇಕು. ಎಷ್ಟೋ ಜನ ಮೊದಲನೆಯದರಲ್ಲೇ ನಿಲ್ಲಿಸುತ್ತಾರೆ. ಸಿಗ್ನಲ್ 2024ರಲ್ಲಿ ಯೂಸರ್‌ನೇಮ್ ತಂದಿತು. ನಂಬರು ಹೇಳದೆಯೇ ಅದನ್ನು ಕೊಟ್ಟು ಮಾತು ಶುರು ಮಾಡಬಹುದು.

ಫೋಟೊವನ್ನು ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದರೊಳಗಿನ ಸ್ಥಳದ ಮಾಹಿತಿ ಕಳಚುತ್ತದೆ. 'ಒಳ್ಳೆ ಕ್ವಾಲಿಟಿ ಇರಲಿ' ಎಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ತೋಟದ ಅಕ್ಷಾಂಶ ರೇಖಾಂಶ ಸಮೇತ ಹೋಗುತ್ತದೆ. ಗುಂಪಿನವರೆಲ್ಲ ಸೇರುವ ದಿನಕ್ಕೆ ಚಂದಾ ಎತ್ತುವಾಗ ಯುಪಿಐ ಮಾಡಿದರೆ ಬ್ಯಾಂಕಿನ ಹೆಸರು ಹೊರಬಿತ್ತು. ಹಂಚಿಕೊಂಡ ಗೂಗಲ್ ಡಾಕ್, ಗೂಗಲ್ ಮೀಟ್, ಪಿಡಿಎಫ್‌ನ ಲೇಖಕರ ಹೆಸರು, ಎಲ್ಲದಕ್ಕೂ ಇದೇ ಕತೆ. ಚಂದಾವನ್ನು ಒಬ್ಬ ನಂಬಿಗಸ್ಥರ ಕೈಗೆ ನಗದಾಗಿ ಕೊಡುವುದು ಹಳೆಯ ಪದ್ಧತಿ, ಇಂಥ ಗುಂಪಿಗೆ ಇವತ್ತಿಗೂ ಅದೇ ಒಳ್ಳೆಯದು.

ಕನ್ನಡಿಗರಿಗೇ ವಿಶೇಷವಾದ ಸೋರಿಕೆಯೊಂದಿದೆ: ನುಡಿ. 'ಹೋಗಾಕ ಹತ್ತೀನಿ' ಎಂದರೆ ಧಾರವಾಡದ ಕಡೆ, 'ಎಂಥ ಮಾರಾಯ್ರೆ' ಎಂದರೆ ಕರಾವಳಿ, ಮಲೆನಾಡು. ಒಂದೇ ಸಾಲಿನಲ್ಲಿ ನಾಲ್ಕು ಜಿಲ್ಲೆಗೆ ಇಳಿದುಬಿಡುತ್ತೇವೆ. ಇದಕ್ಕೆ ಮದ್ದಾಗಿ ಪುಸ್ತಕದ ಕನ್ನಡ ಬರೆಯಿರಿ ಎಂದು ಹೇಳಲು ಮನಸ್ಸು ಬರುವುದಿಲ್ಲ. ಊರಿನ ಮಾತು ಬಿಟ್ಟ ಮೇಲೆ ಹರಟೆಗೆ ರುಚಿ ಎಲ್ಲಿಂದ ಬಂದೀತು? ಸೀಮೆ ಗೊತ್ತಾಗಲಿ, ಬೀದಿ ಗೊತ್ತಾಗದಿದ್ದರೆ ಸಾಕು. ಕೆಲಸದ ಜಾಗ, ಮಕ್ಕಳ ಶಾಲೆ, ಊರಿನ ಜಾತ್ರೆ ಈ ಮೂರನ್ನೂ ಒಂದೇ ಹೆಸರಿನ ಕೆಳಗೆ ಹೇಳದಿದ್ದರೆ ಬಹುಮಟ್ಟಿಗೆ ನಿಲ್ಲುತ್ತದೆ.

ಪರದೆ, ಗೋಡೆಯಲ್ಲ

ಗುಪ್ತನಾಮ ನೆರೆಹೊರೆಯವರ ಎದುರಿನ ಪರದೆ, ಕೋರ್ಟಿನ ಎದುರಿನ ಗೋಡೆಯಲ್ಲ. ಹೆಲ್ಸಿಂಕಿಯ ಯೋಹಾನ್ ಹೆಲ್ಸಿಂಗಿಯಸ್ 1990ರ ದಶಕದಲ್ಲಿ ಇಮೇಲ್ ರವಾನಿಸುವ ಒಂದು ಯಂತ್ರ ನಡೆಸುತ್ತಿದ್ದರು. ನಿಮ್ಮ ಪತ್ರದಿಂದ ಹೆಸರು ಕಿತ್ತು, ಒಂದು ಸಂಖ್ಯೆ ಅಂಟಿಸಿ ಮುಂದಕ್ಕೆ ಕಳಿಸುವುದು ಅದರ ಕೆಲಸ. ಲೈಂಗಿಕ ದೌರ್ಜನ್ಯದಿಂದ ನೊಂದವರು ಒಬ್ಬರೊಡನೊಬ್ಬರು ಮಾತಾಡಿಕೊಳ್ಳಲು ಅದನ್ನು ನೆಚ್ಚಿದ್ದರು. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಇದ್ದದ್ದು ಆ ಒಂದೇ ಯಂತ್ರದಲ್ಲಿ. 1995ರಲ್ಲಿ ಸೈಂಟಾಲಜಿ ಪಂಥದ ದೂರಿನ ಮೇಲೆ ಪೊಲೀಸರು ಬಂದರು, ಒಂದು ಹೆಸರು ಕೊಡಬೇಕಾಯಿತು. 1996ರ ಆಗಸ್ಟ್‌ನಲ್ಲಿ ಅವರು ಅದನ್ನು ಮುಚ್ಚಿದರು. ನಮ್ಮಲ್ಲೇ 2024ರಲ್ಲಿ ಎಎನ್‌ಐ ಸುದ್ದಿಸಂಸ್ಥೆ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ ಮೂವರು ವಿಕಿಪೀಡಿಯ ಸಂಪಾದಕರ ವಿವರ ಕೊಡಬೇಕೆಂದು ಆದೇಶಿಸಿತು. ಕಾನೂನು ಮೀರುವವರನ್ನು ಹಿಡಿಯುವ ದಾರಿ ಹೀಗೆ ಇದ್ದೇ ಇದೆ. ಅದಕ್ಕಾಗಿ ಪ್ರತಿ ಗೃಹಿಣಿ, ಪ್ರತಿ ಗುಮಾಸ್ತ ಮೊದಲೇ ಹೆಸರು ಬರೆದುಕೊಡಬೇಕಿಲ್ಲ.

ಗುಪ್ತನಾಮ ಹಾಕಿಕೊಂಡು ಹೆಣ್ಣುಮಕ್ಕಳನ್ನು ಕಾಡುವವರು ಇದ್ದಾರೆ. ಒಬ್ಬರೇ ಐದು ಖಾತೆ ಇಟ್ಟುಕೊಂಡು ತಮ್ಮ ಮಾತಿಗೆ ತಾವೇ ಚಪ್ಪಾಳೆ ತಟ್ಟುವವರೂ ಇದ್ದಾರೆ. ಇಲ್ಲಿ ಕಟ್ಟೆ ನೋಡಿಕೊಳ್ಳುವ ಮಾಡರೇಟರ್ ಬಿಗಿಯಾಗಿರಬೇಕು: ಒಂದು ಕಟ್ಟೆಯಲ್ಲಿ ಒಬ್ಬರಿಗೆ ಒಂದೇ ಹೆಸರು. ಹಿಡಿಯಲು ಐಪಿ ಒಂದನ್ನೇ ನಂಬಿದರೆ ತಪ್ಪಾಗುತ್ತದೆ. ಮೊಬೈಲ್ ಜಾಲಗಳಲ್ಲಿ ಸಾವಿರಾರು ಫೋನುಗಳು ಒಂದೇ ಐಪಿ ವಿಳಾಸದ ಹಿಂದೆ ಇರುತ್ತವೆ. ಒಬ್ಬನನ್ನು ತಡೆಯಲು ಹೋಗಿ ಅರ್ಧ ಊರನ್ನು ಹೊರಗಿಟ್ಟಂತಾಗುತ್ತದೆ. ಬರೆಯುವ ಹೊತ್ತು, ಪದೇ ಪದೇ ಮಾಡುವ ಕಾಗುಣಿತದ ತಪ್ಪು, ಒಂದು ಖಾತೆ ಮಾತಾಡುವಾಗ ಇನ್ನೊಂದು ಮೌನವಾಗಿರುವುದು, ಇವು ಮೂರು ಕೂಡಿದಾಗ ಮಾತ್ರ ಸಂಶಯಕ್ಕೆ ಬೆಲೆ. ಹಾಗೆ ಹಿಡಿದಾಗಲೂ ಶಿಕ್ಷೆ ಎಂದರೆ ಖಾತೆ ತೆಗೆಯುವುದು. ಆತನ ನಿಜವಾದ ಹೆಸರನ್ನು ಗುಂಪಿಗೆ ಎಸೆಯುವುದು ಯಾವ ಕಾರಣಕ್ಕೂ ಸಲ್ಲದು. ಒಮ್ಮೆ ಮಾಡರೇಟರ್ ಹಾಗೆ ಮಾಡಿದರೆ ಅಂದಿನಿಂದ ಆ ಕಟ್ಟೆಯಲ್ಲಿ ಯಾರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ.

ಹೆಸರು ಮೌನವಾದಾಗ

ಗುಪ್ತನಾಮದವರ ಕೂಟದಲ್ಲಿ ತುಂಬ ನೋಯಿಸುವ ಸಂಗತಿ ಒಂದಿದೆ. ದಿನವೂ ಬರುತ್ತಿದ್ದ ಹೆಸರು ಒಂದು ದಿನ ಬರುವುದಿಲ್ಲ. ವಾರ ಕಳೆಯುತ್ತದೆ, ತಿಂಗಳು ಕಳೆಯುತ್ತದೆ. ಬೇಸರವಾಯಿತೋ, ಫೋನ್ ಕಳೆಯಿತೋ, ಜೀವವೇ ಹೋಯಿತೋ ತಿಳಿಯುವ ದಾರಿಯಿಲ್ಲ. ಮನೆಯವರಿಗೆ ಈ ಗೆಳೆಯರು ಇದ್ದಾರೆಂಬುದೇ ಗೊತ್ತಿಲ್ಲ. ಇಂಗ್ಲಿಷ್ ವಿಕಿಪೀಡಿಯದವರು ತೀರಿಕೊಂಡ ಸಂಪಾದಕರಿಗೆಂದು ಒಂದು ಪುಟ ಇಟ್ಟಿದ್ದಾರೆ, ಅಲ್ಲಿ ಹ್ಯಾಂಡಲ್‌ಗಳಿಗೇ ನುಡಿನಮನ ಇದೆ.

ಮುದ್ದಣ 1901ರಲ್ಲಿ, ಮೂವತ್ತೊಂದನೆಯ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡರು. ಆ ಕೃತಿಯನ್ನು ಮೆಚ್ಚಿ ಓದುತ್ತಿದ್ದ ಯಾರೂ ಆ ದಿನ ಕಂಬನಿ ಹಾಕಲಿಲ್ಲ. ಅವರ ಲೆಕ್ಕದಲ್ಲಿ ಆ ಕವಿ ಯಾವುದೋ ಹಿಂದಿನ ಕಾಲದಲ್ಲೇ ತೀರಿಹೋಗಿದ್ದವನು. ನಿಜ ಬಯಲಿಗೆ ಬಂದದ್ದು ಎಷ್ಟೋ ವರ್ಷದ ಮೇಲೆ.

ಗುಪ್ತನಾಮದಲ್ಲಿ ಬಹಳ ಕಾಲದಿಂದ ಇರುವವರು ಮನೆಯಲ್ಲಿ ಒಬ್ಬರಿಗೆ, ಇಲ್ಲವೇ ಹತ್ತಿರದ ಒಬ್ಬ ಗೆಳೆಯರಿಗೆ, ಮುಚ್ಚಿದ ಲಕೋಟೆಯಲ್ಲಿ ಒಂದು ಚೀಟಿ ಬರೆದಿಡುವುದು ಒಳ್ಳೆಯದು. ಅದರಲ್ಲಿ ಕೂಟದ ಹೆಸರು ಇರಲಿ, ತಾವು ಅಲ್ಲಿ ಇಟ್ಟುಕೊಂಡಿರುವ ಹೆಸರು ಇರಲಿ, ಸುದ್ದಿ ಮುಟ್ಟಿಸಬೇಕಾದ ಒಬ್ಬ ಮಾಡರೇಟರ್‌ನ ಹ್ಯಾಂಡಲ್ ಇರಲಿ. ಗುಪ್ತಪದ ಬರೆಯುವುದು ಬೇಡ, ಅದು ತಪ್ಪು ಕೈಗೆ ಸಿಕ್ಕರೆ ಸತ್ತವರ ಹೆಸರಿನಲ್ಲಿ ಮಾತಾಡುವವರು ಬರುತ್ತಾರೆ. ಕೊನೆಯ ಸಾಲಿನಲ್ಲಿ, ಸುದ್ದಿ ಹೇಳುವಾಗ ತಮ್ಮ ಹುಟ್ಟುಹೆಸರನ್ನೂ ಹೇಳಬೇಕೋ ಬೇಡವೋ ಎಂಬುದನ್ನು ಸ್ಪಷ್ಟವಾಗಿ ಬರೆದಿಡಬೇಕು.